ಆರೋಗ್ಯವಂತ ಗಾಯಾಳುಗಳು ಬೇಕಾಗಿದ್ದಾರೆ

ದಂಡಿನ ಕುಟುಂಬ ಆಸ್ಪತ್ರೆಯಲ್ಲಿ ಕಳೆದ ಸಾಲಿನಲ್ಲಿ ರೋಗಿಗಳ ಸಂಖ್ಯೆ ಅರ್ಧಕ್ಕರ್ಧ ಇಳಿಯಿತು. ವಾರದಲ್ಲಿ ಮೂರು ದಿನ ಬಾಗಿಲು ಮುಚ್ಚಿದ್ದರಿಂದಲೇ ಈ ಸಾಧನೆ ಸಾಧ್ಯವಾಯಿತೆಂದು ವಾರ್ಷಿಕ ವರದಿ ವಿನಯದಿಂದ ಒಪ್ಪಿಕೊಂಡಿತು. ಇದರಿಂದ ಉತ್ಸಾಹಗೊಂಡ ಆಡಳಿತ ಇನ್ನೆರಡು ದಿನ ಮುಚ್ಚಿಸಿತು. ಮಕ್ಕಳ ಡಾಕ್ಟರಿಗೆ ವರ್ಗವಾಯಿತು. ಮಕ್ಕಳ ವಾರ್ಡಿನ ಮಂಚಗಳ ಮೇಲೆ ಕಡತಗಳನ್ನು ಮಲಗಿಸಿ, ಸೊಳ್ಳೆ ಪರದೆ ಕಟ್ಟಲಾಯಿತು.

ಕ್ವಾರ್ಟರ್ಸಿನ ಏಳನೇ ಸಾಲಿನಲ್ಲಿ ಒಬ್ಬ ಸಿಪಾಯಿಯ ಹೆಂಡತಿ ಇದ್ದಳು. ಗಂಡ ಗಡಿಯಲ್ಲಿದ್ದ. ಆರು ವರ್ಷದ ಮಗಳಿಗೆ ಉಬ್ಬಸ. ಚಳಿ ಬಿತ್ತೆಂದರೆ ಮಗುವಿನ ಎದೆಯೊಳಗೆ ಸಿಳ್ಳೆ ಶುರುವಾಗುತ್ತಿತ್ತು, ತುಟಿ ಕಪ್ಪಿಡುತ್ತಿತ್ತು. ಸಿಳ್ಳೆ ಕೇಳುವುದೇ ಹಿಂಸೆ, ಅದು ನಿಂತುಬಿಟ್ಟರೆ ಏನು ಗತಿ ಎಂಬುದು ಅದಕ್ಕಿಂತ ದೊಡ್ಡ ಭಯ. ಈ ಎರಡರ ನಡುವೆ ಅವಳ ಸಂಸಾರ ನಡೆದಿತ್ತು.

ಆಸ್ಪತ್ರೆಯಲ್ಲಿ ಉಳಿದಿದ್ದುದು ಒಂದು ಕಿಟಕಿ, ಕಿಟಕಿಯೊಳಗೆ ಒಬ್ಬ ಗುಮಾಸ್ತ. ಬಹಳ ಮರ್ಯಾದಸ್ಥ. ರಿಜಿಸ್ಟರು ತೆಗೆದು ನಾಲ್ಕು ತಿಂಗಳ ಆಚೆಗೆ ಒಂದು ಸರದಿ ಕೊಟ್ಟ. ಆವತ್ತು ಹತ್ತೂಕಾಲಿಗೆ ಉಬ್ಬಸ ಹಾಜರಿರತಕ್ಕದ್ದು, ತಪ್ಪಿದರೆ ಸರದಿ ರದ್ದು ಎಂದು ಓದಿ ಹೇಳಿದ. ಪೇಟೆಯ ದೊಡ್ಡಾಸ್ಪತ್ರೆಗೆ ಕಳಿಸಿಕೊಡಿ ಎಂದು ಅವಳು ಬೇಡಿಕೊಂಡಳು. ಅದಕ್ಕೆ ಇಲ್ಲಿನ ಮಕ್ಕಳ ಡಾಕ್ಟರ ಸಹಿ ಬೇಕಿತ್ತು.

“ಅವ್ರಿಗೆ ವರ್ಗ ಆಯ್ತಲ್ಲಣ್ಣ?”

“ಹೌದಮ್ಮ. ತಾನು ಇಲ್ಲಿಲ್ಲ ಅಂತ ಅವ್ರೇ ಇಲ್ಲಿಗೆ ಬಂದು ಬರ್ದುಕೊಟ್ರೆ ಸಾಕು.”

ಬರಿಗೈಯಲ್ಲಿ ತಿರುಗಿದವಳಿಗೆ ಕಂಬದ ಮೇಲೆ ಹೊಸ ಪ್ರಕಟಣೆ ಕಂಡಿತು. ಮೇಲಿನ ಸಮಿತಿಯ ಭೇಟಿಯ ಪ್ರಯುಕ್ತ ಮುಂದಿನ ವಾರ ಮೈದಾನದಲ್ಲಿ ಯುದ್ಧಕಾಲದ ಚಿಕಿತ್ಸೆಯ ಅಣಕು ಕಾರ್ಯಾಚರಣೆ ನಡೆಯಲಿದೆ. ಐವರು ಡಾಕ್ಟರುಗಳು, ಹತ್ತು ಆಮ್ಲಜನಕ ಸಿಲಿಂಡರುಗಳು, ಎರಡು ಆಂಬುಲೆನ್ಸುಗಳು ಬರಲಿವೆ. ಗಾಯಾಳುಗಳಾಗಲು ಕುಟುಂಬದವರಲ್ಲಿ ನಲವತ್ತು ಮಂದಿ ಬೇಕಾಗಿದ್ದಾರೆ. ಗಾಯಾಳುಗಳು ಪೂರ್ಣ ಆರೋಗ್ಯವಂತರಾಗಿರತಕ್ಕದ್ದು, ಅದಕ್ಕೆ ಪ್ರಮಾಣಪತ್ರ ತರತಕ್ಕದ್ದು. ನಿಜವಾದ ರೋಗಿಗಳು ಆವತ್ತು ಮೈದಾನದ ಕಡೆ ಸುಳಿಯತಕ್ಕದ್ದಲ್ಲ.

ಅವಳು ಮತ್ತೆ ಕಿಟಕಿಗೆ ಹೋದಳು. ಮಗಳು ಆರೋಗ್ಯವಾಗಿದ್ದಾಳೆಂದು ಬರೆದುಕೊಡಲು ಎಷ್ಟು ತಿಂಗಳಾಗುತ್ತದೆಂದು ಕೇಳಿದಳು. ಎರಡು ನಿಮಿಷ ಎಂದ ಗುಮಾಸ್ತ. ಆರೋಗ್ಯವಂತರನ್ನು ಡಾಕ್ಟರು ನೋಡಬೇಕಾದ ಅಗತ್ಯವೇ ಇರಲಿಲ್ಲ. ಕಂಕುಳಲ್ಲಿದ್ದ ಮಗುವಿನ ಎದೆ ಸುಯ್ಯೆನ್ನುತ್ತಿತ್ತು.

“ಸಿಳ್ಳೆ ಹಾಕ್ಬಾರ್ದು ಪುಟ್ಟಿ, ಸೀಲು ಹೊಡೀತಾ ಇದೀನಿ,” ಎಂದು ಅವನು ಪ್ರೀತಿಯಿಂದಲೇ ಗದರಿದ.

ಆ ದಿನ ಬಂತು. ಕ್ವಾರ್ಟರ್ಸಿನಲ್ಲಿ ಕೆಮ್ಮುವವರು, ಕುಂಟುವವರು, ಬಾವು ಬಂದವರು, ಎಲ್ಲರೂ ಆರೋಗ್ಯ ಪ್ರಮಾಣಪತ್ರ ಹಿಡಿದು ಮೈದಾನದಲ್ಲಿ ಸಾಲುಗಟ್ಟಿದ್ದರು. ಡೇರೆಯ ಬಾಗಿಲಲ್ಲಿ ಒಬ್ಬೊಬ್ಬರ ಕೊರಳಿಗೂ ಒಂದು ಚೀಟಿ ಕಟ್ಟಿದರು. ಮಗುವಿನ ಚೀಟಿಯಲ್ಲಿ ‘ಬಲಗಾಲು ಮುರಿತ’ ಎಂದಿತ್ತು.

ಡೇರೆಯೊಳಗೆ ಬಂದ ಡಾಕ್ಟರನ್ನು ನೋಡಿ ಅವಳಿಗೆ ಜೀವ ಬಂದಂತಾಯಿತು. ವರ್ಗವಾಗಿ ಹೋದ ಅದೇ ಮಕ್ಕಳ ಡಾಕ್ಟರು. ಆತನಿಗೂ ಮಗುವಿನ ಗುರುತು ಹತ್ತಿತು. ಆದರೆ ಬೆನ್ನ ಹಿಂದೆ ಸಮಿತಿಯವರು ನಿಂತು ಬರೆದುಕೊಳ್ಳುತ್ತಿದ್ದರು. ಆತ ಚೀಟಿ ಓದಿ, ಗಟ್ಟಿಮುಟ್ಟಾದ ಬಲಗಾಲಿಗೆ ಚೊಕ್ಕಟವಾಗಿ ಪಟ್ಟಿ ಸುತ್ತತೊಡಗಿದ.

“ಡಾಕ್ಟ್ರೇ, ಎದೆ ನೋಡಿ. ಉಸಿರು ಸಿಗ್ತಾ ಇಲ್ಲ ಅವಳಿಗೆ.”

“ಚೀಟೀಲಿ ಕಾಲು ಇದೆಯಮ್ಮ,” ಎಂದು ಆತ ತಲೆಯೆತ್ತದೆ ಪಿಸುಗುಟ್ಟಿದ. “ಎದೆ ಚೀಟಿ ಯಾರ ಹತ್ರ ಇದೆ, ಬೇಗ ನೋಡಿ.”

ಎರಡು ಮಂಚದಾಚೆ ಬ್ಯಾಂಡ್ ಮಾಸ್ತರರ ತಾಯಿ ಮಲಗಿದ್ದಳು. ಕೊರಳಲ್ಲಿ ‘ಎದೆಗೆ ಗುಂಡು’, ಮೂಗಿಗೆ ಆಮ್ಲಜನಕ. ಮಂಡಿನೋವಿನಿಂದ ಒಂದು ವರ್ಷ ನೆಟ್ಟಗೆ ನಡೆಯದ ಮುದುಕಿ ಆರಾಮಾಗಿ ಉಸಿರಾಡುತ್ತ, ಮಂಡಿ ನೀವಿಕೊಳ್ಳುತ್ತಿದ್ದಳು. ಸಿಪಾಯಿಯ ಹೆಂಡತಿ ಮಗುವಿನೊಡನೆ ಹೋಗಿ ಕೈಮುಗಿದಳು. ಅಜ್ಜಿ ಎದ್ದು ಕೂತಳು. ತಾನೇ ಮಾಸ್ಕು ಕಳಚಿ, ಗುಂಡನ್ನು ಬಿಚ್ಚಿ ಮಗುವಿನ ಕೊರಳಿಗೆ ಹಾಕಿ, ಮುರಿದ ಕಾಲನ್ನು ತಾನು ತೊಟ್ಟುಕೊಂಡಳು. ಇದನ್ನು ಕಂಡ ಉಳಿದವರೂ ಸುಮ್ಮನಿರಲಿಲ್ಲ. ಸುಟ್ಟಗಾಯ ಕೊಟ್ಟು ಕಿವಿ ತೆಗೆದುಕೊಂಡರು, ಸೊಂಟ ಕೊಟ್ಟು ಕಣ್ಣು ತೆಗೆದುಕೊಂಡರು. ಹತ್ತು ನಿಮಿಷದೊಳಗೆ ಡೇರೆಯಲ್ಲಿ ಎಲ್ಲರಿಗೂ ಅವರವರ ಕಾಯಿಲೆಯೇ ಸಿಕ್ಕಿತು.

ಮಾಸ್ಕು ಹಾಕಿದ ಮೇಲೆ ಮಗುವಿನ ಸಿಳ್ಳೆ ಸಣ್ಣಗಾಯಿತು, ತುಟಿಗೆ ಬಣ್ಣ ತಿರುಗಿತು. ತಾಯಿ ಅಲ್ಲೇ ಕುಸಿದು ಕೂತು ಅತ್ತಳು. ಸಮಿತಿಯ ಅಧ್ಯಕ್ಷರು ಬಗ್ಗಿ ನೋಡಿ, ‘ಬಂಧುಗಳ ರೋದನ: ಅತ್ಯುತ್ತಮ’ ಎಂದು ಬರೆದುಕೊಂಡರು.

ಸರಿಯಾಗಿ ಹನ್ನೆರಡೂವರೆಗೆ ಸೀಟಿ ಊದಿದರು. ಮಗುವಿಗೆ ಇನ್ನರ್ಧ ಗಂಟೆ ಆಮ್ಲಜನಕ ಬೇಕೆಂದು ಡಾಕ್ಟರು ಕೇಳಿಕೊಂಡರು. ಯುದ್ಧ ಮುಗಿದಿದೆಯೆಂದು ಅಧ್ಯಕ್ಷರು ತಿಳಿಸಿದರು. ಮಾಸ್ಕು ತೆಗೆದರು.

ಸಮಿತಿಯ ವರದಿ ಬರಲು ತಡವಾಗಲಿಲ್ಲ. ನಲವತ್ತು ಗಾಯಾಳುಗಳಲ್ಲಿ ನಲವತ್ತೂ ಮಂದಿ ಕಾಲ ಮೇಲೆ ನಡೆದು ಮನೆಗೆ ಹೋಗಿದ್ದರು. ಇಂಥ ಫಲಿತಾಂಶ ಆಸ್ಪತ್ರೆಗೆ ಎಂದೂ ಬಂದಿರಲಿಲ್ಲ. ಕುಟುಂಬಗಳ ಆರೋಗ್ಯಕ್ಕೆ ಪ್ರಮಾಣಪತ್ರಗಳೇ ಸಾಕ್ಷಿಯಾಗಿದ್ದವು. ಆದ್ದರಿಂದ ಆಸ್ಪತ್ರೆಯನ್ನು ಪೂರ್ತಿ ಮುಚ್ಚಿ, ಅಣಕು ಕಾರ್ಯಾಚರಣೆಯನ್ನು ತಿಂಗಳಿಗೊಮ್ಮೆ ನಡೆಸಲು ಆದೇಶವಾಯಿತು. ಕಿಟಕಿಯನ್ನು ಮಾತ್ರ ಉಳಿಸಿಕೊಂಡರು. ಗುಮಾಸ್ತ ಈಗ ಚೀಟಿ ಹಂಚುತ್ತಾನೆ, ಮುಂಚಿತವಾಗಿ ಹೇಳಿದರೆ ಬೇಕಾದ ಗಾಯವನ್ನೇ ತೆಗೆದಿಡುತ್ತಾನೆ. ಎಲ್ಲರಿಗೂ ಅವನ ಮೇಲೆ ಗೌರವ ಹೆಚ್ಚಿದೆ.

ಭಾನುವಾರ ಗಡಿಯಿಂದ ಗಂಡನ ಫೋನು ಬಂತು. ಹಿಂದೆ ಎಲ್ಲೋ ಢಮ್ ಎನ್ನುತ್ತಿತ್ತು. ಮಗು ಹೇಗಿದೆ ಎಂದು ಕೇಳಿದ.

“ಇವತ್ತು ಸ್ವಲ್ಪ ಸಿಳ್ಳೆ ಇದೆ ರೀ. ಏಳನೇ ತಾರೀಖಿನವರೆಗೂ ತಡ್ಕೋಬೇಕು. ಆವತ್ತು ಅವಳಿಗೆ ಗುಂಡು.”

ಅವನ ಉಸಿರು ನಿಂತಂತಾಯಿತು.

“ಎದೆಗೇ ತಾನೆ?”

“ಎದೆಗೇ. ಗಟ್ಟಿ ಮಾಡ್ಕೊಂಡು ಬಂದಿದೀನಿ.”

“ಸದ್ಯ,” ಎಂದು ಅವನು ನಿಟ್ಟುಸಿರುಬಿಟ್ಟ.