ನಮ್ಮತ್ತೆಗೆ ಇಲ್ಲದ ಜಡ್ಡಿಲ್ಲ

...ಅಥವಾ ಆ ದಿನ ಕರೆಂಟು ಹೋಗಿಯೇ ಇರಲಿಲ್ಲವೋ? ಹೋಗಿತ್ತು ಎಂದು ನಾನು ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಅವರು ನಕ್ಕಿದ್ದಾರೆ. ಅವರು ನಕ್ಕಿದ್ದರಿಂದಲೇ ಅದು ನಡೆದದ್ದು ನಿಜವೆಂದು ನನಗೂ ಅನ್ನಿಸತೊಡಗಿದೆ. ಇದಕ್ಕಿಂತ ಕೆಟ್ಟ ಸಾಕ್ಷಿ ಇನ್ನೊಂದು ಇದೆಯೆ? ಆದ್ದರಿಂದ ಕರೆಂಟಿನ ಸುದ್ದಿ ಆಮೇಲೆ. ಮೊದಲು, ಅನುಮಾನಕ್ಕೆ ಎಡೆಯಿಲ್ಲದ ಸಂಗತಿಯನ್ನು ಹೇಳಿಬಿಡುತ್ತೇನೆ. ನಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ, ಅರವತ್ತು ದಾಟಿದಾಕೆ, ಬನಹಟ್ಟಿಯ ಮಗ್ಗದ ಓಣಿಯಲ್ಲಿ ಒಬ್ಬಳೇ ಇರುವಾಕೆ, ಒಂದೇ ತಿಂಗಳಲ್ಲಿ ಗರ್ಭಿಣಿಯಾಗಿದ್ದಳು, ತಲೆ ಬೋಳಾಗಿ ಕೊರಗುತ್ತಿದ್ದಳು, ಗಡ್ಡ ಸರಿಯಾಗಿ ಬರುತ್ತಿಲ್ಲವೆಂದು ಚಿಂತೆಯಲ್ಲಿದ್ದಳು, ಬೀಡಿ ಬಿಟ್ಟಿದ್ದಳು, ಮತ್ತೆ ಹಿಡಿದಿದ್ದಳು! ಇದು ಗಾಳಿಸುದ್ದಿಯಲ್ಲ. ಅವಳ ಫೋನೇ ಹೇಳಿದ್ದು.

ನಾನು ಆ ಫೋನಿನೊಳಗೆ ಕದ್ದು ಇಣುಕಿದವನಲ್ಲ. ಜಮಖಂಡಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಡಾಕ್ಟರರ ಮುಂದೆ ಬಾಯಿಬಿಡದ ಜನ ಅಂತರ್ಜಾಲದಲ್ಲಿ ಎಲ್ಲವನ್ನೂ ಕೇಳುತ್ತಾರೆ. ಸಾವಿರಾರು ಜನ ಏನೇನು ಹುಡುಕಿದರು ಎಂದು ಒಟ್ಟುಗೂಡಿಸಿ ನೋಡಿದರೆ, ಊರಿಗೆ ಯಾವ ಜಡ್ಡು ಬರುತ್ತಿದೆ, ಜನ ಯಾವುದಕ್ಕೆ ಹೆದರಿದ್ದಾರೆ, ಯಾವುದನ್ನು ಮುಚ್ಚಿಟ್ಟಿದ್ದಾರೆ ಎಂದು ತಿಳಿಯಬಹುದು. ದೊಡ್ಡ ದೊಡ್ಡ ದೇಶಗಳಲ್ಲಿ ಇಂಥ ಅಧ್ಯಯನ ನಡೆಯುತ್ತದೆ. ನಮ್ಮ ಜಮಖಂಡಿ, ಮುಧೋಳ, ಬೀಳಗಿಯವರೇನು ಜಡ್ಡಿನಲ್ಲಿ ಯಾರಿಗಾದರೂ ಕಡಿಮೆಯೆ? ನನಗೂ ನನ್ನ ಜೊತೆ ಕಲಿಸುವ ಮೇಡಮ್ಮರಿಗೂ ಹುಮ್ಮಸ್ಸು ಬಂತು. ಒಪ್ಪಿಕೊಂಡವರ ಫೋನಿನಿಂದ ಹುಡುಕಾಟದ ವಿವರ ಪಡೆಯುವುದು, ಹೆಸರು ತೆಗೆದುಹಾಕುವುದು, ಲೆಕ್ಕ ಹಾಕುವುದು. ಅಷ್ಟೇ!

ಅಷ್ಟೇ ಎಂದುಕೊಂಡದ್ದೇ ತಪ್ಪು. ಬಾಡಗಂಡಿಯ ಕಬ್ಬಿನ ರೈತರೊಬ್ಬರು, "ಹೊಲದ ಕಾಗದಾ ಕೇಳ್ರಿ, ಕೊಡತೇನಿ. ಅದೊಂದ ಬ್ಯಾಡ್ರಿ ಸರ" ಎಂದು ಫೋನನ್ನು ಅಂಗಿಯ ಒಳಕಿಸೆಗೆ ತಳ್ಳಿದರು. ಮುಧೋಳದಲ್ಲೊಬ್ಬರು ಉದಾರವಾಗಿ ಒಪ್ಪಿ, ನನ್ನೆದುರೇ ಎಲ್ಲವನ್ನೂ ಅಳಿಸಿ, "ಈಗ ತಗೋರಿ, ಏನ ಬೇಕಾದ್ದ ನೋಡ್ರಿ" ಎಂದು ಫೋನು ಕೈಗಿಟ್ಟರು!

ನಮ್ಮತ್ತೆ ಮಾತ್ರ ನಾನು ಪೂರಾ ಕೇಳುವ ಮೊದಲೇ ಕೊಟ್ಟಳು.

"ತಗೋ ತಮ್ಮಾ. ನೋಡಿ ಹೆದರಬ್ಯಾಡ."

ನೋಡಿದೆ. ಹೆದರಿದೆ.

"ಅತ್ತೀ, ಏನಿದು? 'ನಾಕ ತಿಂಗಳಾತು, ಹುಣಸಿಹುಳಿ ತಿನ್ನಬಹುದೇನು' ಅಂತ ಐತಿ!"

"ಹೂಂ. ಸ್ವಲ್ಪ ತಿನ್ನಬಹುದಂತ."

"'ಗಡ್ಡ ಒಂದ ಕಡಿ ಬರತೈತಿ, ಇನ್ನೊಂದ ಕಡಿ ಬರವಲ್ದು' ಅಂತ ಐತಿ!"

"ಅದಕ್ಕ ಇನ್ನೂ ಬರೊಬ್ಬರಿ ಉತ್ತರಾ ಸಿಕ್ಕಿಲ್ಲ ನೋಡು," ಎಂದು ನಮ್ಮತ್ತೆ ತನ್ನ ನುಣ್ಣನೆಯ ಗಲ್ಲವನ್ನು ಚಿಂತೆಯಿಂದ ಸವರಿಕೊಂಡಳು.

ಸಂಗತಿ ಇಷ್ಟು. ಆ ಓಣಿಯಲ್ಲಿ ಫೋನಿಲ್ಲದ ಮನೆಯಿಲ್ಲ. ಆದರೆ ಗಂಡನ ಫೋನನ್ನು ಹೆಂಡತಿ ನೋಡುತ್ತಾಳೆ, ಹೆಂಡತಿಯದನ್ನು ಅತ್ತೆ ನೋಡುತ್ತಾಳೆ, ಅತ್ತೆಯದನ್ನು ಮೊಮ್ಮಕ್ಕಳು ನೋಡುತ್ತಾರೆ. ನಾಚಿಕೆಯ ಪ್ರಶ್ನೆಯನ್ನು ಎಲ್ಲಿ ಕೇಳಬೇಕು? ನಮ್ಮತ್ತೆ ತನ್ನ ಫೋನನ್ನು, ಬೀಗವಿಲ್ಲದೆ, ಮಗ್ಗದ ಕೋಣೆಯ ಕಿಟಕಿಯಲ್ಲಿ ಕುಡಿಯುವ ನೀರಿನ ಕೊಡದ ಪಕ್ಕ ಇಟ್ಟುಬಿಟ್ಟಳು. ನೀರು ಕುಡಿಯಲು ಬರುವುದು, ಕೇಳುವುದು, ಬಾಯಿ ಒರೆಸಿಕೊಂಡು ಹೋಗುವುದು. ಬರೆಯಲು ಬಾರದವರು ಫೋನಿಗೆ ಬಾಯಿ ಹಚ್ಚಿ ಮಾತಾಡುವುದು. ಸುತ್ತ ಕರೆಂಟಿನ ಮಗ್ಗಗಳ ಖಟಖಟ ಇರುವಾಗ ಕೂಗಿದರೂ ಪಕ್ಕದವರಿಗೆ ಕೇಳಿಸದು. ಅತ್ತೆಯದು ಒಂದೇ ಷರತ್ತು: "ಈ ಫೋನಿನ್ಯಾಗ ಕೇಳಿದ್ದೆಲ್ಲಾ ನನ್ನ ಜಡ್ಡು. ಯಾರರ ಕೇಳಿದ್ರ ನನ್ನ ಹೆಸರ ಹೇಳ್ರಿ."

ಈಗ ಕರೆಂಟಿನ ಸುದ್ದಿ. ಓಣಿಯಲ್ಲೊಬ್ಬರು ಹಿರಿಯರಿದ್ದಾರೆ. ಅವರು ನಕ್ಕದ್ದನ್ನು ಯಾರೂ ಕಂಡಿಲ್ಲ. ನ್ಯಾಯ ಹೇಳಲು, ಲಗ್ನ ಕೂಡಿಸಲು ಅವರೇ ಬೇಕು. ಒಂದು ಮಧ್ಯಾಹ್ನ ಅವರು ಕಿಟಕಿಯ ಬಳಿ ನಿಂತು, ಫೋನಿಗೆ ಬಾಯಿಟ್ಟು, ಮಗ್ಗದ ಸದ್ದನ್ನು ಮೀರಿಸುವಂತೆ, "ಮೂಲವ್ಯಾಧಿ ಆದಾವ್ರು ಕುರ್ಚಿ ಮ್ಯಾಲ ಕುಂಡ್ರಬಹುದೋ..." ಎಂದು ಕೂಗುತ್ತಿದ್ದರಂತೆ. ಕರೆಂಟು ಹೋಯಿತು! ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಆ ಮೌನದಲ್ಲಿ, "ಕುಂಡ್ರಬಾರ್ದೋ!" ಎಂಬುದು ಈ ತುದಿಯಿಂದ ಆ ತುದಿಗೆ ಮೊಳಗಿತು. ಸಾಲದ್ದಕ್ಕೆ ಫೋನಿನೊಳಗಿನ ಹೆಣ್ಣುದನಿ ಸಾವಕಾಶವಾಗಿ, ಸ್ಪಷ್ಟವಾಗಿ, ಉತ್ತರ ಓದತೊಡಗಿತು!

ಅಡುಗೆಮನೆಯಿಂದ ನಮ್ಮತ್ತೆ ರೊಟ್ಟಿಹಿಟ್ಟಿನ ಕೈಯಲ್ಲೇ ಓಡಿಬಂದು, ಬೀದಿಯಲ್ಲಿ ನಿಂತು, "ನಂದದು! ನನಗ ಆಗೇತಿ! ಹಿರ್ಯಾರ ಕಡಿಂದ ಕೇಳಿಸಿದೆ!" ಎಂದು ಸಾರಿದಳು. ಸಾರಿ ಸುಮ್ಮನಾದಳೆ? ಮುಂದೆ ಬಹಳ ದಿನ ಅವಳು ಓಣಿಯಲ್ಲಿ ಯಾರ ಮನೆಗೆ ಹೋದರೂ ಕೂಡಲಿಲ್ಲ. ಲಗ್ನದ ಮನೆಯಲ್ಲೂ ನಿಂತೇ ಉಂಡಳು. ಯಾರಾದರೂ ಕುರ್ಚಿ ಸರಿಸಿದರೆ ಮುಖ ಕಿವುಚಿ, "ಗೊತ್ತಿದ್ದೂ ಕೊಡತೀರೇನ್ರಿ?" ಎನ್ನುತ್ತಿದ್ದಳು.

ನಾನು ಅಲ್ಲಿದ್ದೆನೆ? ಇದ್ದೆ ಎಂದೇ ನೆನಪು. ಆದರೆ ಆ ಹಿರಿಯರು ಅಂಥದ್ದು ನಡೆದೇ ಇಲ್ಲ ಎನ್ನುತ್ತಾರೆ. ನಡೆದದ್ದು ಹೌದು, ಆದರೆ ಕೂಗಿದ್ದು ತಾನೇ ಎಂದು ಅತ್ತೆ ಹೇಳುತ್ತಾಳೆ. ಹಾಗಾದರೆ ಹಿರಿಯರ ದನಿಯನ್ನು ನನ್ನ ಕಿವಿ ಎಲ್ಲಿಂದ ತಂದಿತು?

ಇಷ್ಟು ಜಡ್ಡು ಹೊತ್ತವಳನ್ನು ಫೋನಾದರೂ ಏನೆಂದು ತಿಳಿದೀತು? ಮುಂಜಾನೆ ತೊಟ್ಟಿಲಿನ ಜಾಹೀರಾತು, ಸಂಜೆಗೆ ಗಡ್ಡದ ಎಣ್ಣೆಯದು. "ಪಾಪ, ಅದಕ್ಕೂ ತಲಿ ತಿರಗೇತಿ," ಎಂದು ಅತ್ತೆ ಫೋನಿನ ಬೆನ್ನು ತಟ್ಟುತ್ತಿದ್ದಳು. ನಮ್ಮ ಮೇಡಮ್ಮರಿಗೂ ತಲೆ ತಿರುಗಿತು. "ಸರ, ಇವ್ರನ್ನ ಲೆಕ್ಕದಿಂದ ತಗದಬಿಡೂಣ್ರಿ. ಇವ್ರು ಒಬ್ಬ ಮನಷ್ಯಾ ಅಲ್ಲ," ಎಂದರು.

ಇದನ್ನು ಅತ್ತೆಗೆ ಹೇಳಿದಾಗ ಅವಳಿಗೆ ಸಿಟ್ಟು ಬಂತು. "ನನ್ನ ತಗದ್ರೀ? ಇಡೀ ತಾಲೂಕಿನ್ಯಾಗ ನನ್ನಷ್ಟ ಜಡ್ಡ ಯಾರಿಗ ಅದಾವೋ?"

ತೆಗೆಯುವ ಮೊದಲು ಇನ್ನೊಮ್ಮೆ ಓದಿದೆ. ಅತ್ತೆಯ ಮೇಲಿನ ಮರ್ಯಾದೆಗೆ, ಮೊದಲಿನಿಂದ ಕೊನೆಯವರೆಗೆ. ಹುಳಿ, ಗಡ್ಡ, ಬೀಡಿಗಳ ನಡುವೆ ಒಂದು ಪ್ರಶ್ನೆ ಇತ್ತು. "ಎದ್ಯಾಗ ಗಂಟು, ನೋವಿಲ್ಲ." ಕೆಲವು ದಿನ ಬಿಟ್ಟು, "ನೋವಿಲ್ಲದ ಗಂಟು ತಾನ ಕರಗತೈತೇನು." ಆಮೇಲೆ, "ಎದಿ ಗಂಟಿಗೆ ಮನಿ ಔಷಧ." ಆಮೇಲೆ, "ಎದಿ ನೋಡೂ ಹೆಣ್ಣ ಡಾಕ್ಟರ ಜಮಖಂಡ್ಯಾಗ ಅದಾರೇನು." ಅದಕ್ಕೆ ಏನು ಉತ್ತರ ಬಂತೋ, ಮತ್ತೆ ಮೊದಲಿನದೇ: "ಎದ್ಯಾಗ ಗಂಟು, ನೋವಿಲ್ಲ." ಎಲ್ಲವೂ ಮಗ್ಗಗಳ ಸದ್ದು ಜೋರಾಗಿರುವ ಹೊತ್ತಿನವು.

ನಾನು ದಂಗಾದೆ. ಸಾವಿರ ಜನರನ್ನು ಹುಡುಕಲು ಹೋದವನಿಗೆ ಒಬ್ಬಳು ಸಿಕ್ಕಿದ್ದಳು. ತಿಂಗಳುಗಟ್ಟಲೆ ಒಂದು ಕಿಟಕಿಗೆ ಬಂದು, ನೀರು ಕುಡಿದು, ಅದನ್ನೇ ಕೇಳಿ ಹೋಗುತ್ತಿದ್ದವಳು. ಆದರೆ ಯಾರು? ಅದನ್ನು ಯಾವ ಸಂಖ್ಯಾಶಾಸ್ತ್ರ ಹೇಳೀತು?

ಬನಹಟ್ಟಿಗೆ ಓಡಿದೆ. ಅತ್ತೆ ನೂಲು ಸುತ್ತುತ್ತಿದ್ದಳು. ಓದಿ ಹೇಳಿದೆ. ಕೈ ನಿಂತಿತು.

"ಯಾರು ಅತ್ತೀ?"

"ನಾನು."

"ಚ್ಯಾಷ್ಟಿ ಬ್ಯಾಡ. ಇದು ಮೂಲವ್ಯಾಧಿ ಅಲ್ಲ. ತಡಾ ಮಾಡಿದ್ರ ಜೀವಕ್ಕ ಬರತೈತಿ."

"ನಾ ಎಲ್ಲೆ ಚ್ಯಾಷ್ಟಿ ಮಾಡಾಕತ್ತೇನೋ? ಕೇಳಿದಿ, ಹೇಳಿದೆ."

"ಹಂಗಾರ ಈಗಿಂದೀಗ ನಡಿ ದವಾಖಾನಿಗೆ."

"ಬರತೇನಿ. ಒಬ್ಬಾಕೀನ ಬರೂದಿಲ್ಲ."

ಮರುದಿನ ಸೀರೆಯ ಗಂಟು ಸಾಗಿಸುವ ಟೆಂಪೋ ಓಣಿಯ ಬಾಯಲ್ಲಿ ನಿಂತಿತ್ತು. ಮನೆಮನೆಯಿಂದ ಹೆಂಗಸರು ಬಂದು ಹತ್ತತೊಡಗಿದರು. ಹೊಸ ಸೊಸೆಯಂದಿರು, ಅವರ ಅತ್ತೆಯಂದಿರು, ಹಲ್ಲಿಲ್ಲದ ಒಬ್ಬ ಮುದುಕಿ.

"ನನ್ನ ಯಾಕ ಒಯ್ಯತೀರೇ? ನಂದೇನ ಉಳದೈತಿ ನೋಡಾಕ?" ಎಂದಳು ಮುದುಕಿ.

"ಸುಮ್ಮ ಹತ್ತ ಆಯಿ," ಎಂದು ಅತ್ತೆ ಅವಳನ್ನು ಮೇಲಕ್ಕೆ ತಳ್ಳಿದಳು.

ಮಗ್ಗಗಳು ನಿಂತವು. ಈ ಸಲ ಕರೆಂಟಿದ್ದೂ ನಿಂತವು. ಗಂಡಸರೆಲ್ಲ ಗಾಬರಿಯಾಗಿ ಹೊರಬಂದರು.

"ಎಲ್ಲಿಗೆ ಬೇ?"

"ದವಾಖಾನಿಗೆ."

"ಯಾರಿಗೇನಾತು?"

"ಈ ದೊಡ್ಡವ್ವಗ," ಎಂದು ಎಲ್ಲರೂ ನಮ್ಮತ್ತೆಯತ್ತ ಕೈತೋರಿಸಿದರು.

"ಒಬ್ಬಾಕೀ ಜಡ್ಡಿಗೆ ಇಷ್ಟ ಮಂದಿ?"

"ಆಕೀಗೆ ಇರೂ ಜಡ್ಡಿಗೆ ಇಷ್ಟ ಮಂದಿ ಕಡಿಮೀನ ಆತು!" ಎಂದಳು ಒಬ್ಬಳು. ಟೆಂಪೋ ಹೊರಟಿತು. ನಾನು ಮುಂದೆ, ಡ್ರೈವರನ ಪಕ್ಕ.

ಜಮಖಂಡಿಯ ದವಾಖಾನೆಯ ಹೆಣ್ಣು ಡಾಕ್ಟರು, ಸಣ್ಣ ವಯಸ್ಸಿನವರು, ಬಾಗಿಲಿಗೆ ಬಂದು ನೋಡಿ ಬೆಚ್ಚಿದರು.

"ಯಾರಿಗ್ರಿ ತ್ರಾಸು?"

"ಎಲ್ಲಾರಿಗೂ ರೀ."

"ಏನಾಗೇತ್ರಿ?"

"ಏನೂ ಆಗಿಲ್ರಿ."

ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅತ್ತೆ ಮುಂದೆ ಬಂದು ದನಿ ತಗ್ಗಿಸಿದಳು. ಅವಳ ತಗ್ಗಿದ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ತಾಯಿ, ಒಬ್ಬೊಬ್ಬರನ್ನ ಒಳಗ ಕರೀರಿ. ಬಾಗಲಾ ಹಾಕಿ ಎದಿ ನೋಡ್ರಿ. ಎಲ್ಲಾರನ್ನೂ ಅಷ್ಟಷ್ಟ ಹೊತ್ತ ಒಳಗಿಟ್ಕೋರಿ. ಲಗೂನ ಮುಗದಾಕಿ ಲಗೂನ ಹೊರಗ ಬರಬಾರ್ದು. ತಡಾ ಆದಾಕಿ ಗೊತ್ತಾಗಬಾರ್ದು."

ಡಾಕ್ಟರು ಹೊರಗೆ ನಿಂತವರನ್ನೆಲ್ಲ ಒಮ್ಮೆ ಎಣಿಸಿದರು. ಆಮೇಲೆ, "ಪಾಳಿ ಹಚ್ಚರಿ," ಎಂದರು.

ಒಳಗೆ ಏನಾಯಿತೋ ಗಂಡಸಾದ ನನಗೆ ತಿಳಿಯದು. ಹೊರಗೆ ನಾನೂ ಡ್ರೈವರನೂ ಚಹಾದ ಮೇಲೆ ಚಹಾ ಕುಡಿದೆವು. ಹೊತ್ತು ಇಳಿದಾಗ ಡಾಕ್ಟರು ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಒಬ್ಬರು ಸೋಮವಾರ ಮತ್ತ ಬರಬೇಕು. ಯಾರಂತ ಅವ್ರಿಗೆ ಹೇಳೇನಿ."

ಬರುವಾಗ ಟೆಂಪೋದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲವಂತೆ. ಓಣಿ ಬಂದಾಗ ಅತ್ತೆ ಇಳಿದು ಡ್ರೈವರನಿಗೆ ಹೇಳಿದಳು: "ಸೋಮವಾರ ಹಿಂಗಽ ಬಾರಪಾ."

ಸೋಮವಾರ ಟೆಂಪೋ ತುಂಬಿತ್ತು. ಹಲ್ಲಿಲ್ಲದ ಆಯಿಯೇ ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದಳು!

ಅಲ್ಲಿಂದ ಮುಂದೆ ಬೆಳಗಾವಿಯ ದೊಡ್ಡ ಕ್ಯಾನ್ಸರ್ ದವಾಖಾನೆಗೆಂದು ಡಾಕ್ಟರು ಬರೆದುಕೊಟ್ಟರಂತೆ. ಆಮೇಲಿನ ತಿಂಗಳುಗಳಲ್ಲಿ ಓಣಿಯ ಹೆಂಗಸರಿಗೆ ಬೆಳಗಾವಿಯ ಹುಚ್ಚೇ ಹಿಡಿಯಿತು. ಒಬ್ಬಳಿಗೆ ಅಲ್ಲಿ ತಂಗಿಯ ಬಾಣಂತನ, ಇನ್ನೊಬ್ಬಳಿಗೆ ಗೆಳತಿಯ ಮನೆ, ಮತ್ತೊಬ್ಬಳಿಗೆ ದೇವರ ಹರಕೆ. ಹೋಗುವಾಗ ನಾಲ್ಕು ಜನ, ಬರುವಾಗ ಬೇರೆ ನಾಲ್ಕು ಜನ. ನಮ್ಮತ್ತೆಯೂ ಹೋದಳು, ಬಂದಳು. ಆಮೇಲೆ ಒಂದು ದಿನ ನಾನು ಓಣಿಗೆ ಹೋದಾಗ ಬೀದಿಯಲ್ಲೇ ನಿಂತುಬಿಟ್ಟೆ. ಹೆಂಗಸರೆಲ್ಲ ತಲೆಯ ತುಂಬ ಸೆರಗು ಹೊದ್ದಿದ್ದರು! ಮುದುಕಿಯರ ಮಾತು ಬಿಡಿ, ನಿನ್ನೆ ಮೊನ್ನೆ ಬಂದ ಸೊಸೆಯಂದಿರು, ಸೆರಗು ಹೊದೆಯುವುದಿಲ್ಲವೆಂದು ಜಗಳವಾಡಿದವರು ಕೂಡ, ಕಿವಿಯ ಮೇಲಿನ ಒಂದು ಕೂದಲೂ ಕಾಣದಂತೆ. "ಮೊದಲಿನ ಮರ್ಯಾದಿ ಮತ್ತ ಬಂತ ನೋಡ್ರಿ," ಎಂದು ಆ ನಗದ ಹಿರಿಯರು ನನ್ನೆದುರು ಸಂತೋಷಪಟ್ಟರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲವೆ?

ಕಿಟಕಿಯಲ್ಲಿ ಫೋನು ಹಾಗೆಯೇ ಇತ್ತು. ನೀರು ಕುಡಿಯುವ ನೆವದಿಂದ ತೆಗೆದು ನೋಡಿದೆ. "ಉದುರಿದ ಕೂದಲಾ ಮತ್ತ ಯಾವಾಗ ಬರತಾವು" ಎಂದಿತ್ತು. ಅದರ ಮೇಲೂ ಕೆಳಗೂ ಓಣಿಯ ಬೋಳುತಲೆಯ ಗಂಡಸರು ಕೇಳಿದ ಅದೇ ಪ್ರಶ್ನೆಗಳು.

ಇದಾಗಿ ಬಹಳ ದಿನವಾಯಿತು. ಓಣಿಯಲ್ಲಿ ಯಾರೂ ಕಡಿಮೆಯಾಗಿಲ್ಲ. ಸೊಸೆಯಂದಿರ ಸೆರಗು ಹೆಗಲಿಗಿಳಿದಿದೆ. ನಮ್ಮ ಅಧ್ಯಯನದಿಂದ ಅತ್ತೆಯನ್ನು ಕೈಬಿಟ್ಟೆವು. ಮೊನ್ನೆ ಹೋದಾಗ, ಮಗ್ಗಗಳು ಜೋರಾಗಿರುವ ಹೊತ್ತು ನೋಡಿ, ಅವಳ ಕಿವಿಯ ಹತ್ತಿರ ಬಾಗಿ ಕೇಳಿದೆ.

"ಖರೇ ಹೇಳ ಅತ್ತೀ. ಯಾರಿಗಿತ್ತು?"

"ನನಗ," ಎಂದಳು. ಮೂಲವ್ಯಾಧಿಗೆ ಹೇಳಿದ ಹಾಗೆಯೇ. ಗಡ್ಡಕ್ಕೆ ಹೇಳಿದ ಹಾಗೆಯೇ. ನೂಲು ಸುತ್ತುವ ಕೈ ನಿಲ್ಲಲಿಲ್ಲ.

ಅವಳ ತಲೆಯ ಮೇಲೆ ಸೆರಗಿತ್ತು. ಅವಳು ಮೊದಲಿನಿಂದಲೂ ಹೀಗೆ ಸೆರಗು ಹೊದೆಯುತ್ತಿದ್ದಳೆ? ಚಿಕ್ಕವನಿದ್ದಾಗ ಅವಳ ಜಡೆ ಹಿಡಿದು ಜಗ್ಗಿದ ಒಂದು ನೆನಪಿದೆ. ಅದು ಅವಳದೋ, ನಮ್ಮವ್ವನದೋ. ನನಗೆ ಗೊತ್ತಿಲ್ಲ.