ಜಗಲಿ ಹತ್ತಿದ ಆಂಪ್ಲಿಫೈಯರ್

ತವರಿಗೆ ಹೊರಟ ಹೆಂಗಸಿಗೆ ಅಡ್ಡ ಬರುವುದು ಅತ್ತೆ, ನಾದಿನಿ, ಇಲ್ಲವೇ ಮಳೆ ಎಂದು ಕೇಳಿದ್ದೇನೆ. ನನಗೆ ಅಡ್ಡ ಬಂದದ್ದು ನಾಲ್ಕು ತಂತಿಯ ಒಂದು ಗಿಟಾರು ಮತ್ತು ಅದರ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಆರಿಸಿದವಳು ನಾನೇ ಆದ್ದರಿಂದ ಯಾರನ್ನು ಬೈಯುವುದೋ ಇವತ್ತಿಗೂ ತಿಳಿಯದು.

ನಮ್ಮ ಯಜಮಾನರು (ಹೆಸರು ಹೇಳುವುದಿಲ್ಲ, ಬದುಕಿದ್ದಾಗ ಹೇಳದವಳು ಈಗ ಹೇಳಿದರೆ ‘ಏನಮ್ಮಿ?’ ಎಂದು ಎದ್ದು ಬಂದಾರು) ಮಧುವನಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ ಇಟ್ಟುಕೊಂಡು ಮಾನವಾಗಿ ರೇಷ್ಮೆ ಹುಳು ಸಾಕುತ್ತಿದ್ದವರು. ಸೋಮವಾರದ ಭಜನೆಯಲ್ಲಿ ದಮ್ಮಡಿ ಬಡಿಯುವುದೊಂದು ಬಿಟ್ಟರೆ ಬೇರೆ ಚಟವಿರಲಿಲ್ಲ. ಎಪ್ಪತ್ಮೂರನೇ ಇಸವಿಯಲ್ಲಿ ಕೊಳ್ಳೇಗಾಲದ ಯಾರದೋ ಮದುವೆಯಲ್ಲಿ ಆರ್ಕೆಸ್ಟ್ರಾ ನೋಡಿ ಬಂದರು ನೋಡಿ, ಅಲ್ಲಿಂದ ನಮ್ಮ ಮನೆಗೆ ಶನಿ ವಕ್ಕರಿಸಿತು. ಟೈಲರ್ ಪುಟ್ಟಮಾದಪ್ಪ ಮತ್ತು ಇನ್ನೂ ನಾಲ್ವರು ಕೆಲಸಗೇಡಿಗಳನ್ನು ಸೇರಿಸಿಕೊಂಡು ‘ಕಾವೇರಿ ಕಲ್ಲೋಲ ವಾದ್ಯವೃಂದ’ ಎಂದು ಬೋರ್ಡು ಬರೆಸಿದರು. ಬಾಡಿಗೆ ಗಿಟಾರು ಹಿಡಿದು ಹನೂರು, ಯಳಂದೂರು ಎಂದು ಲಗ್ನವಿದ್ದಲ್ಲೆಲ್ಲ ಹೊರಟರು.

ಹುಳು ಸಾಕುವ ಮನೆಗೆ ಬೀಗ ಹಾಕುವಂತಿಲ್ಲ. ಹಸುವಾದರೆ ಪಕ್ಕದ ಮನೆಗೆ ಹೊಡೆದು ಹೋಗಬಹುದು, ಹುಳುವನ್ನು ಯಾರ ಕೈಗೆ ಕೊಡುವುದು? ಹಗಲಿಗೂ ಸೊಪ್ಪು, ರಾತ್ರಿಗೂ ಸೊಪ್ಪು. ಗಂಡಹೆಂಡಿರಲ್ಲಿ ಒಬ್ಬರು ಹೊರಟರೆ ಇನ್ನೊಬ್ಬರು ಮನೆಯಲ್ಲಿರಲೇಬೇಕು. ಹೊರಡುವವರು ಯಾವಾಗಲೂ ಅವರು, ಇರುವವಳು ಯಾವಾಗಲೂ ನಾನು. ಸೊಪ್ಪು ಹೆಚ್ಚಿ ಹೆಚ್ಚಿ ನನ್ನ ಬಳೆಯೂ ಹಸಿರು, ಕನಸೂ ಹಸಿರು.

ಹಾಗಿರುವಾಗ ರಾಮಾಪುರದಲ್ಲಿ ನಮ್ಮಣ್ಣ ದೊಡ್ಡಮಾದಪ್ಪನ ಮಗನಿಗೆ ಯಳಂದೂರಿನ ಹೆಣ್ಣು ಗೊತ್ತಾಯಿತು. ಮದುವೆ ವೈಶಾಖದಲ್ಲಿ. ತವರಿನ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದ ನನಗೆ ಒಂದೇ ಆಸೆ. ಮದುವೆಮನೆಯಲ್ಲಿ ಚಾಪೆಯ ಮೇಲೆ ಕೂತು, ಯಾರೋ ಅಟ್ಟಿದ್ದನ್ನು ಯಾರೋ ಬಡಿಸಿ, ನಾನು ಸುಮ್ಮನೆ ಉಣ್ಣಬೇಕು. ಅಷ್ಟಾಗಬೇಕಾದರೆ ಲಗ್ನದ ದಿನಗಳಲ್ಲಿ ಯಜಮಾನರು ಮನೆಯಲ್ಲಿರಬೇಕು. ಹೇಗೆ?

ದಾರಿಯನ್ನು ಅವರೇ ತೋರಿಸಿದರು.

“ಬಾಡ್ಗೆ ಸಾಮಾನ್ನ ನೆಚ್ಕಂಡು ಎಷ್ಟು ದಿನಾಂತ ನುಡ್ಸಾದು? ಮೈಸೂರ್‍ಗೆ ಓಗಿ ಸ್ವಂತದ್ದು ತಕಂಬರಾವ, ನಡಿಯಮ್ಮಿ.”

“ಗಿಟಾರ್ ತರಕ್ಕೆ ನಾನ್ಯಾಕ್ರಿ?”

“ನಿನ್ ಕೈಗುಣ ಒಳ್ಳೇದು ಕಣೆ.”

ಕೈಗುಣವಲ್ಲ, ಸೆರಗಿನ ಗುಣ. ಗೂಡು ಮಾರಿದ ದುಡ್ಡೆಲ್ಲ ನನ್ನ ಸೆರಗಿನ ಗಂಟಿನಲ್ಲಿತ್ತು. ಗಂಟು ಮೈಸೂರಿಗೆ ಹೋಗಬೇಕಾದರೆ ಸೆರಗು ಹೋಗಬೇಕು, ಸೆರಗು ಹೋಗಬೇಕಾದರೆ ನಾನು ಹೋಗಬೇಕು.

ಅಂಗಡಿಯಲ್ಲಿ ಗಿಟಾರುಗಳನ್ನು ಬಾಳೆಗೊನೆಯ ಹಾಗೆ ತೂಗು ಹಾಕಿದ್ದರು. ಅಂಗಡಿಯವರು ಒಳ್ಳೆಯ ಮನುಷ್ಯ. ಎರಡು ಬೇಸ್ ಗಿಟಾರು ಇಳಿಸಿದರು. ಒಂದು ಕೆಂಪಗೆ, ಹೊಟ್ಟೆ ಟೊಳ್ಳು, ಹಗುರ. ಇನ್ನೊಂದು ಗಟ್ಟಿ ಮರದ್ದು, ಒನಕೆಯಷ್ಟು ತೂಕ. ಯಜಮಾನರು ಕೆಂಪನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತವರು ಕದಲಲಿಲ್ಲ. ಮದುವೆಯ ದಿನ ನನ್ನನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.

“ಪಕ್ಕದ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ರೇಟು ಮಾತ್ರ ಇದಕ್ಕೇ ಜಾಸ್ತಿ. ಇದ್ಯಾವ ನ್ಯಾಯ ಸ್ವಾಮಿ?” ಎಂದು ಕೇಳಿದೆ.

“ಅಮ್ಮಾವ್ರೇ, ಇದರ ಕೆಲಸವೇ ಬೇರೆ. ಹಾಡು ಕೇಳೋರ ಕಿವಿಗೆ ಇದು ಬೇರೆಯಾಗಿ ಬೀಳಲ್ಲ. ಆದ್ರೆ ಇದು ನಿಂತುಹೋದ್ರೆ ಹಾಡೇ ಕುಸಿದುಬೀಳತ್ತೆ. ಇದ್ದಾಗ ಯಾರಿಗೂ ಗೊತ್ತಾಗಲ್ಲ, ಇಲ್ಲದಾಗ ಎಲ್ರಿಗೂ ಗೊತ್ತಾಗತ್ತೆ.”

“ಅಂಥದ್ದು ನಮ್ಮನೇಲಿ ಆಗಲೇ ಒಂದಿದೆಯಲ್ಲ” ಎಂದೆ. ಅಂಗಡಿಯವರು ನಕ್ಕರು. ಯಜಮಾನರು, “ಎಲ್ಲಿ? ನಾನು ನೋಡೇ ಇಲ್ವಲ್ಲ!” ಎಂದರು.

ಆಮೇಲೆ ಆಂಪ್ಲಿಫೈಯರ್. ಗಿಟಾರಿನಿಂದ ವೈರು ಎಳೆದು ಅದಕ್ಕೆ ಸಿಕ್ಕಿಸಿದರೇ ಸದ್ದು, ಇಲ್ಲದಿದ್ದರೆ ಸೊಳ್ಳೆ ಹಾಡಿದಷ್ಟೇ. ಅವೂ ಎರಡಿದ್ದವು. ಒಂದು ಸಣ್ಣ ಟ್ರಂಕಿನಷ್ಟು, ಒಂದೇ ಕೈಯಲ್ಲಿ ಎತ್ತಬಹುದು. ಇನ್ನೊಂದು ನಮ್ಮ ರಾಗಿ ಪತ್ತಾಯದ ಅಣ್ಣನ ಹಾಗಿತ್ತು. ಒಳಗೆ ಜರಡಿಯಗಲದ ಎರಡು ಸ್ಪೀಕರು, ಮೇಲೊಂದು ಗಾಜಿನ ವಾಲ್ವುಗಳ ಪೆಟ್ಟಿಗೆ.

“ಊರೂರಿಗೆ ಹೋಗೋರು ನೀವು, ಸಣ್ಣದು ತಗೊಳ್ಳಿ ಸಾರ್” ಎಂದರು ಅಂಗಡಿಯವರು. “ಬಯಲಲ್ಲಿ ಸದ್ದು ಸ್ವಲ್ಪ ತೆಳ್ಳಗೆ ಬರತ್ತೆ, ಆದ್ರೆ ಬಸ್ಸಲ್ಲಿ ಹೋಗತ್ತೆ. ದೊಡ್ಡದನ್ನ ಅಲ್ಲಾಡಿಸೋಕೇ ಐದಾರು ಜನ ಬೇಕು.”

ನನ್ನ ತಲೆಯೊಳಗೆ ಗಂಟೆ ಹೊಡೆಯಿತು. ಬಸ್ಸಿನಲ್ಲಿ ಹೋಗದ ಪೆಟ್ಟಿಗೆ! ಪೆಟ್ಟಿಗೆ ಹೋಗದಿದ್ದರೆ ಗಿಟಾರು ಹೋಗುವುದಿಲ್ಲ. ಗಿಟಾರು ಹೋಗದಿದ್ದರೆ, ಸ್ವಂತದ್ದು ಬಿಟ್ಟು ಇನ್ನು ಬಾಡಿಗೆಯದನ್ನು ಮುಟ್ಟದ ಯಜಮಾನರೂ ಹೋಗುವುದಿಲ್ಲ. ನಾನು ರಾಮಾಪುರಕ್ಕೆ ಹೋಗುತ್ತೇನೆ!

“ದೊಡ್ಡದೇ ಇರಲಿ ಕಣ್ರಿ. ಗಂಡಸು ನುಡಿಸೋ ವಾದ್ಯ, ಊರಿಗೇ ಕೇಳಬೇಕು” ಎಂದು ಸೆರಗಿನ ಗಂಟಿಗೆ ಕೈ ಹಾಕಿದೆ.

ಯಜಮಾನರ ಕಣ್ಣು ತುಂಬಿತು. “ನೋಡಿದ್ರಾ ಸಾ? ಕಲೆ ಅಂದ್ರೇನು ಅಂತ ನಮ್ಮವಳ್ಗೆ ಗೊತ್ತು” ಎಂದರು. ದೊಡ್ಡ ಪೆಟ್ಟಿಗೆಯ ಹತ್ತಿರ ಟೊಳ್ಳು ಗಿಟಾರು ಊಳಿಡುತ್ತದೆ ಎಂದು ಅಂಗಡಿಯವರು ಹೇಳಿದ ಮೇಲೆ ಕೆಂಪನ್ನು ಬಿಟ್ಟು ಒನಕೆಯನ್ನೇ ಕೊಂಡರು. ನನಗೆ ಇನ್ನೂ ಸಂತೋಷ. ತೂಕ ಹೆಚ್ಚಿದಷ್ಟೂ ತವರು ಹತ್ತಿರ.

ಪೆಟ್ಟಿಗೆ ಕೊಳ್ಳೇಗಾಲದವರೆಗೆ ಲಾರಿಯಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂತು. ಮುಂಬಾಗಿಲಿಗಿಂತ ಅದೇ ಅಗಲ. ಚೌಕಟ್ಟು ಕೀಳಿಸೋಣವೆಂದರು, ನಾನು ಅಡ್ಡ ನಿಂತೆ. ಕೊನೆಗೆ ಬೀದಿಗೆ ಮುಖ ಮಾಡಿ ಜಗಲಿಯ ಮೇಲೆಯೇ ಕೂತಿತು, ಮನೆಗೆ ಹೊಸದಾಗಿ ಬಂದ ಮಾವನವರ ಹಾಗೆ. ವೈರು ಎಳೆದು ಮೊದಲ ಮೀಟು ಮೀಟಿದರು ನೋಡಿ, ಅಡುಗೆಮನೆಯ ಹಿತ್ತಾಳೆ ಪಾತ್ರೆಗಳೆಲ್ಲ ಕೋರಸ್ ಹಾಡಿದವು. ಒಳಗೆ ತಟ್ಟೆಗಳಲ್ಲಿದ್ದ ಹುಳುಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.

ಹನೂರಿನ ಪ್ರೋಗ್ರಾಮಿನ ದಿನ ಆರು ಜನ ಏದುಸಿರು ಬಿಡುತ್ತ ಪೆಟ್ಟಿಗೆಯನ್ನು ಬಸ್ಸಿನ ಬಳಿ ಇಳಿಸಿದರು. ಕಂಡಕ್ಟರು ಒಂದು ಸಲ ಪೆಟ್ಟಿಗೆಯನ್ನು, ಒಂದು ಸಲ ಇವರನ್ನು ನೋಡಿದ.

“ಏನಣ್ಣೋ, ಮನೆ ಖಾಲಿ ಮಾಡ್ತಿದ್ದೀರಾ?”

“ಇದು ಆಂಪ್ಲಿಫೈಯರ್ ಕಣಪ್ಪ, ಮೇಲಕ್ಕೆ ಆಕಸು.”

“ಇದ ಮೇಲಾಕುದ್ರೆ ಬಸ್ಸು ಕೆಳೀಕೋಯ್ತದೆ. ರೈಟ್ ರೈಟ್!”

ಲಾರಿ ಹಿಡಿದರೆ ಪ್ರೋಗ್ರಾಮಿನ ದುಡ್ಡೆಲ್ಲ ಅದಕ್ಕೇ ಸರಿ. ಆರು ಜನವೂ ಪೆಟ್ಟಿಗೆಯೂ ಹಿಂದಿರುಗಿದ್ದನ್ನು ಬಾಗಿಲ ಸಂದಿಯಲ್ಲಿ ನೋಡಿದೆ. ಆ ದಿನ ಪಾಯಸ ಮಾಡಿದೆ. (ಅವರ ದುಃಖ ಕಳೆಯಲೆಂದು ಮಾಡಿದ್ದೆಂದು ಅವರು ತಿಳಿದರು.)

“ಇನ್ನೇನ್ ಮಾಡೀರಿ, ಮನೇಲಿರಿ. ಅಣ್ಣನ ಮನೆ ಮದುವೇಲಿ ನೀವು ಹುಳ ನೋಡ್ಕಳಿ, ನಾನು ಓಗ್ಬತ್ತೀನಿ” ಎಂದೆ.

“ಓಗ್ಬಾ. ನನಗಿನ್ನೇನಿದೆ” ಎಂದು ನಿಟ್ಟುಸಿರು ಬಿಟ್ಟರು. ನಾನು ಆಗಲೇ ಸೀರೆ ಮಡಿಸತೊಡಗಿದ್ದೆ.

ವಾರ ಕಳೆಯುವುದರೊಳಗೆ ನಮ್ಮೂರಿನಲ್ಲೇ ಪುಟ್ಟಮಲ್ಲಮ್ಮನ ಮಗನ ಮದುವೆ. ನಾಲ್ಕು ಮನೆ ಆಚೆಗೂ ಪೆಟ್ಟಿಗೆ ಹೊರುವುದಕ್ಕೆ ಕಲಾವಿದರ ಸೊಂಟ ಒಪ್ಪಲಿಲ್ಲ. ಪುಟ್ಟಮಲ್ಲಮ್ಮ ಸುಮ್ಮನಿರುವ ಹೆಂಗಸೇ? “ನಿಮ್ಮ ಪೆಟ್ಗೆ ಬರ್ದೇ ಓದ್ರೆ ಬ್ಯಾಡ ಬುಡಿ, ನಮ್ ಗಂಡು-ಹೆಣ್ಣಿಗೆ ಕಾಲಿಲ್ವಾ?” ಎಂದಳು. ಸಂಜೆ ಮೆರವಣಿಗೆ ಬಂದು ನಮ್ಮ ಬಾಗಿಲಲ್ಲೇ ನಿಂತಿತು. ಜಗಲಿಯ ಮೇಲೆ ವಾದ್ಯವೃಂದ, ಬೀದಿಯಲ್ಲಿ ದಿಬ್ಬಣ.

ಅಲ್ಲಿಗೆ ಮುಗಿಯಿತೇ? ಹೊಸ ಮದುಮಕ್ಕಳು ಬಾಗಿಲಿಗೆ ಬಂದರೆ ಮುತ್ತೈದೆಯಾದವಳು ಒಳಗೆ ಸೊಪ್ಪು ಹೆಚ್ಚುತ್ತ ಕೂರುವಂತಿಲ್ಲ. ಆರತಿ ಎತ್ತಬೇಕು, ಹೆಣ್ಣಿಗೆ ರವಿಕೆ ಕಣ ಕೊಡಬೇಕು, ಬಂದವರಿಗೆಲ್ಲ ಪಾನಕ ಕೊಡಬೇಕು. ಕೊಟ್ಟೆ. ಒಂದು ಮದುವೆಯಲ್ಲವೇ ಎಂದು ಕೊಟ್ಟೆ.

ಸುದ್ದಿಗೆ ಬಸ್ಸು ಬೇಕೇ? ಆಮೇಲೆ ಕೊಳ್ಳೇಗಾಲದಿಂದ, ಮುಳ್ಳೂರಿನಿಂದ, ಹೆಸರೇ ಕೇಳದ ಊರುಗಳಿಂದ ಮದುಮಕ್ಕಳು ಗಾಡಿ ಕಟ್ಟಿಕೊಂಡು ಬರತೊಡಗಿದರು. ನಿಂಬೆಹಣ್ಣು ಹಿಂಡಿ ಹಿಂಡಿ ನನ್ನ ಬೆರಳು ಸುಕ್ಕಾಯಿತು. ಯಜಮಾನರು ಮನೆಯಲ್ಲಿರಲಿ ಎಂದು ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಿದ್ದೆ, ಇದ್ದರು. ಐದು ಜನರನ್ನು ಜೊತೆಗಿಟ್ಟುಕೊಂಡು ಇದ್ದರು.

ಆದರೂ ರಾಮಾಪುರದ ಆಸೆ ಬಿಟ್ಟಿರಲಿಲ್ಲ. ಒಂದು ದಿನ ಅಣ್ಣ ಅರಿಶಿನ ಕುಂಕುಮ ಹಿಡಿದು ಕರೆಯಲು ಬಂದ. ನಾನು ಕುಣಿದಾಡುವುದೊಂದು ಬಾಕಿ.

“ಯಾವ ಬಸ್ಸಿಗೆ ಬರಲಣ್ಣ? ಎರಡು ದಿನ ಮುಂಚೇನೇ ಬತ್ತೀನಿ.”

“ನೀನೆಲ್ಲೂ ಬರಾದು ಬ್ಯಾಡ ಕಣವ್ವ, ನಾವೇ ಬತ್ತೀವಿ” ಎಂದ ಅಣ್ಣ. “ಮಾವನ ಗಿಟಾರ್ ಇಲ್ದೆ ತಾಳಿ ಕಟ್ಟಕಿಲ್ಲ ಅಂತ ನಮ್ಮುಡ್ಗ ಅಟ ಇಡದವ್ನೆ. ಯಳಂದೂರಿನ ಬೀಗ್ರಿಗೂ ಇದೇ ನಡುವೆ. ಮದ್ವೆ ಇಲ್ಲೇ, ನಿನ್ನಟ್ಟೀಲೆ.”

ಯಜಮಾನರು ಅಣ್ಣನನ್ನು ಅಪ್ಪಿಕೊಂಡರು. ನಾನು ಮಡಿಸಿಟ್ಟ ಸೀರೆ ಬಿಚ್ಚಿ ಉಟ್ಟು ಕಾಳು ಹಸನು ಮಾಡಲು ಕೂತೆ.

ಮದುವೆ ಆಯಿತಂತೆ. ‘ಅಂತೆ’ ಎಂದೆ, ಏಕೆಂದರೆ ತಾಳಿ ಕಟ್ಟುವಾಗ ನಾನು ಒಳಗೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ, ಧಾರೆಯಾಗುವಾಗ ಹಿತ್ತಲಲ್ಲಿ ಅನ್ನ ಬಸಿಯುತ್ತಿದ್ದೆ. ರಾಮಾಪುರವೆಲ್ಲ ಚಾಪೆಯ ಮೇಲೆ ಕೂತು ನನ್ನ ಕೈಯಲ್ಲಿ ಬಡಿಸಿಕೊಂಡು ಉಂಡಿತು. ಉಂಡೆದ್ದು ಗಾಡಿ ಹತ್ತುವ ಹೊತ್ತಿಗೆ ನಮ್ಮತ್ತಿಗೆ ವೀರಮ್ಮ ನನ್ನ ಒದ್ದೆ ಕೈ ಹಿಡಿದೆಳೆದು ಮುಂಬಾಗಿಲಲ್ಲಿ ನಿಲ್ಲಿಸಿದರು.

“ನಿಂತ್ಕಳವ್ವ, ಮಡ್ಲಕ್ಕಿ ತುಂಬಿ ನಿನ್ನ ಗಂಡನ ಮನೆಗೆ ಕಳಿಸ್ಬೇಕು.”

“ಅತ್ಗೇ, ನನ್ನ ಗಂಡನ ಮನೆ ಇದೇ!”

“ಇವತ್ತು ಇದು ನಿನ್ ತವ್ರು. ನಮ್ಮನೆ ದೇವ್ರ ಕಳಸ ಇಲ್ಲೇ ಅಲ್ವಾ ಇಟ್ಟಿರಾದು? ಮನೆ ಮಗ್ಳು ಮದ್ವೆಗೆ ಬಂದೋಳು ಬರೀ ಮಡ್ಲಲ್ಲಿ ನಿಂತ್ರೆ ಒಸ ಜೋಡಿಗೆ ಸ್ರೇಯಸ್ಸಲ್ಲ. ಯಾರಮ್ಮಿ ಅಲ್ಲಿ, ಒಂದು ಸೇರಕ್ಕಿ ತತ್ತಾ ಒಳಗಿಂದ!”

ನನ್ನ ಪತ್ತಾಯದ ಅಕ್ಕಿ ನನ್ನ ಮಡಿಲಿಗೇ ಬಿತ್ತು. ಮಡಿಲು ತುಂಬಿಸಿಕೊಂಡವಳು ಹೊಸ್ತಿಲು ದಾಟಬೇಕು, ತಿರುಗಿ ಅದೇ ಬಾಗಿಲಿಗೆ ನುಗ್ಗುವಂತಿಲ್ಲ. ದಾಟಿದೆ. ಅಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡು, “ಉಸಾರಾಗಿ ಓಗವ್ವ” ಎಂದ. ಹಿತ್ತಲು ಎಷ್ಟು ದೂರ? ಮನೆಯ ಗೋಡೆ ಸುತ್ತಿದರಾಯಿತು. ಆದರೂ ನಗಬೇಕಾದ ಕಡೆ ನನಗೆ ಅಳು ಬಂದುಬಿಟ್ಟಿತು. ಯಜಮಾನರು ಜಗಲಿಯ ಮೇಲೆ ನಿಂತು, ಹೆಣ್ಣು ಕಳಿಸುವ ಹೊತ್ತಿಗೆ ತಕ್ಕಂತೆ, ದಪ್ಪ ತಂತಿಗಳನ್ನು ಒಂದೊಂದಾಗಿ ಮೀಟಿದರು. ಕಾಲ ಕೆಳಗಿನ ನೆಲ ಗುಂಯ್ ಎಂದಿತು.

ಮಡಿಲು ಹಿಡಿದು, ಅಳುತ್ತ, ಬಚ್ಚಲ ನೀರು ದಾಟಿ, ದನದ ಕೊಟ್ಟಿಗೆ ದಾಟಿ, ಹಿತ್ತಲ ಬಾಗಿಲಿಗೆ ಬಂದು ಗಂಡನ ಮನೆ ತಲುಪಿದೆ. ತೊಳೆಯದ ಕೊಪ್ಪರಿಗೆಗಳು ಸಾಲಾಗಿ ಕೂತಿದ್ದವು. ಅಷ್ಟರಲ್ಲಿ ಯಜಮಾನರು ಗಿಟಾರು ಇಳಿಸಿ, ಮನೆಯೊಳಗಿಂದ ಹಾದು ಬಂದು ಅಲ್ಲಿ ನಿಂತಿದ್ದರು.

“ಬಂದ್ಯಾ? ನೀನು ತವ್ರಿಗೋದಾಗಿಂದ ಮನೆ ಬಿಕೋ ಅಂತಿತ್ತು ಕಣಮ್ಮಿ” ಎಂದರು. “ಆರು ಲೋಟ ಕಾಪಿ ಇಡು.”