ಒಬ್ಬ ಯಜಮಾನರು, ಫೋನಿಗೊಂದು ಇಮೇಲ್

ದಾವಣಗೆರೆಯಲ್ಲಿ ಕೂತು ಸಣ್ಣ ಕಾರ್ಖಾನೆಗಳು ಆರ್ಡರಿಗೆ ಕೊಟೇಶನ್ ಹಾಕೋ ವೆಬ್‌ಸೈಟ್ ನೋಡ್ಕೊಳ್ಳೋದು ನನ್ನ ಕೆಲಸ. "ಏಸಿ ರೂಮಿನಾಗೆ ಆರಾಮಾಗಿ ಕೂತಿರ್ತೀಯ" ಅಂತಾರೆ ಮನೆಯಲ್ಲಿ. ಎಲ್ಲಿಯ ಆರಾಮ! ಬಿಪಿ ಏರಿಸೋ ಪ್ರಸಂಗ ದಿನಕ್ಕೊಂದು ಬಾಗಿಲು ತಳ್ಳಿಕೊಂಡು ಬಂದೇ ಬರುತ್ತೆ. ಮೊನ್ನೆಯಂತೂ ಒಂದರ ಬೆನ್ನಿಗೆ ಒಂದು.

ಫೋನಿನ ಜೊತೆ ಫ್ರೀ

ಗುತ್ತೂರಿನಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರೋ ಯಜಮಾನರು ಸಂಜೆ ನಾಲ್ಕೂವರೆಗೆ ಬೆವರು ಒರೆಸಿಕೊಳ್ತಾ ಬಂದರು. ನಮ್ಮ ಸೈಟಿನಲ್ಲಿ ಕೊಟೇಶನ್ ಹಾಕೋಕೆ ಐದು ಗಂಟೆಗೆ ಗಡುವು. ತಪ್ಪಿದರೆ ದೊಡ್ಡ ಆರ್ಡರ್ ಕೈಬಿಟ್ಟು ಹೋದಂಗೆ, ಕೆಲಸಗಾರರು ಖಾಲಿ ಕೂರಬೇಕು.

"ಮೇಡಂ, ನನ್ನ ಖಾತೆಯಾಗೆ ಡ್ರಾಯಿಂಗು, ಸರ್ಟಿಫಿಕೇಟು ಎಲ್ಲ ಮಾಯ!"

ನೋಡಿದೆ. ಎಲ್ಲ ಇದ್ದವು, ಅವರದೇ ಹಳೇ ಇಮೇಲಿನ ಇನ್ನೊಂದು ಖಾತೆಯಲ್ಲಿ.

"ನಿಮ್ಮವು ಎಷ್ಟು ಇಮೇಲ್ ಅದಾವ್ರಿ?"

"ನಂಗೇನ್ ಗೊತ್ರಿ? ಫೋನ್ ಕೊಂಡಾಗೆಲ್ಲ ಹರಿಹರದ ಮೊಬೈಲ್ ಅಂಗಡಿ ಭಾಯಿ ಹೊಸದು ಮಾಡ್ಕೊಡ್ತಾನೆ. ಕವರ್, ಸ್ಕ್ರೀನ್ ಗಾರ್ಡ್, ಇಮೇಲ್, ಮೂರೂ ಫ್ರೀ!"

ಕೊಟ್ಟಿದ್ದು ಕೊಟ್ಟಂಗೆ

ಪುಣ್ಯಕ್ಕೆ ಅದೇ ವಾರ ಸೈಟಿಗೆ ಹೊಸ ಅನುಕೂಲ ಸೇರಿಸಿದ್ದೆವು: ಒಬ್ಬರಿಗೆ ಎಷ್ಟೇ ಇಮೇಲ್ ಇರಲಿ, ಖಾತೆ ಒಂದೇ. ಆದರೆ ಹಳೇ ಇಮೇಲಿಗೆ ಬರೋ ಕೋಡ್ ಹಾಕಿದರೆ ಮಾತ್ರ ಎರಡೂ ಸೇರೋದು.

"ನೀವೇ ಸೇರಿಸ್ಬಿಡ್ರಿ."

"ಹಂಗೆ ಸೇರಿಸಿದ್ರೆ ನಾಳೆ ಇನ್ಯಾರೋ ನಿಮ್ಮ ಖಾತೆಗೆ ಸೇರ್ಕೊಂತಾರೆ ಸರ್. ಹಳೇ ಫೋನ್ ಎಲ್ಲಿ?"

ಭಾನುವಳ್ಳಿಯಲ್ಲಿರೋ ಹೆಂಡತಿಯ ತಮ್ಮನಿಗೆ ಕೊಟ್ಟಿದ್ದರಂತೆ. ಫೋನ್ ಹಚ್ಚಿದರು. ಆ ಹಳೇ ಫೋನಿನಲ್ಲಿದ್ದದ್ದು ಬೇರೆಯೇ ಇಮೇಲ್. ಸಾಲದ್ದಕ್ಕೆ ಅವನು ಸಿಟ್ಟಾದ: "ಭಾವ, ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರೇನ್ರಿ?"

ಕೋಡ್ ಹೇಳಲ್ಲ

ಐದಕ್ಕೆ ಆರು ನಿಮಿಷ. ಆಗ ನೆನಪಾಯ್ತು ಯಜಮಾನರಿಗೆ, ಇನ್ನೊಂದು ಹಳೇ ಫೋನ್ ಹೆಂಡತಿ ಹತ್ರ ಐತೆ! ಕೋಡ್ ಕಳಿಸಿದೆ. ಅವರು ಸ್ಪೀಕರ್ ಹಾಕಿ ಮನೆಗೆ ಫೋನ್ ಮಾಡಿದರು.

"ಕೋಡ್ ಬಂದೈತೆ. ಹೇಳಲ್ಲ."

"ಯಾಕ?"

"ಯಾರಿಗೂ ಹೇಳಬ್ಯಾಡ ಅಂತ ನನ್ನ ಗಂಡ ಹೇಳ್ಯಾರೆ."

"ಅಯ್ಯೋ, ಆ ಗಂಡ ನಾನೇ ಕಣೆ!"

"ಕಳ್ಳರು ಈಗ ದನೀನೂ ನಕಲು ಮಾಡ್ತಾರಂತೆ. ನೀವೇ ಆಗಿದ್ರೆ ಹೇಳ್ರಿ, ನಿನ್ನೆ ಊಟ ಬಿಟ್ಟು ಯಾಕ ಎದ್ರಿ?"

ಯಜಮಾನರು ನನ್ನ ಕಡೆ ನೋಡಿ ದನಿ ಇಳಿಸಿದರು. "ಸಾರಿಗೆ ಉಪ್ಪು ಜಾಸ್ತಿ ಅಂತ."

"ಜಾಸ್ತಿ ಆಗಿತ್ತಾ?"

ಗಡಿಯಾರ ನೋಡಿದರು. "ಇಲ್ಲಮ್ಮ, ಇಲ್ಲ! ಸರಿಯಾಗೇ ಇತ್ತು. ತಪ್ಪು ನಂದೇ!"

"ನನ್ನ ಗಂಡ ಜನ್ಮದಾಗೆ ತಪ್ಪು ಒಪ್ಕೊಂಡಿಲ್ಲ. ಫೋನಿಡೋ ಕಳ್ಳ!"

ಫೋನ್ ಕಟ್. ಎರಡೇ ನಿಮಿಷ ಉಳಿದಿತ್ತು. ಮತ್ತೆ ಹಚ್ಚಿದವರೇ ಆಫೀಸು ನಡುಗೋ ಹಂಗೆ ಗುಡುಗಿದರು: "ಜಾಸ್ತೀನೇ ಇತ್ತು! ಬಾಯಾಗೆ ಇಡಂಗಿರಲಿಲ್ಲ! ಏನೀಗ?"

ಆ ಕಡೆ ದನಿ ಮೆತ್ತಗಾಯ್ತು. "ಹಾಂ, ನೀವೇ. ಬರ್ಕೊಳ್ರಿ."

ಕೊಟೇಶನ್ ಗಡುವಿನೊಳಗೆ ಹೋಯ್ತು. "ಇನ್ನೇನು, ನಿಶ್ಚಿಂತೆಯಿಂದ ಮನೆಗೆ ಹೋಗ್ರಿ" ಅಂದೆ.

"ಏನು ಅವಸರ ಮೇಡಂ? ಒಂದು ಟೀ ತರಿಸ್ರಿ" ಅಂತ ಯಜಮಾನರು ಕುರ್ಚಿ ಎಳ್ಕೊಂಡು ಕೂತರು.